ಇಂದಿನ ಧಮ್ಮ ಚಿಂತನೆ: ಹಬ್ಬದ ಹೊತ್ತಿನ ಮಂಕು ಮತ್ತು ನಮ್ಮ ಕೆಂಚ

ಬಂಧುಗಳೇ, ದೀಪಾವಳಿಗೆ ಇನ್ನು ನಾಲ್ಕೇ ದಿನ. ಈ ದಿನ ಚಿಂತನೆ ಬರೆಯುವ ಸರದಿ ನನ್ನದು. ನಮ್ಮ ಪಟ್ಟಿಯ ಪ್ರಕಾರ ನಾನು ಸಮ್ಯಕ್ ವ್ಯಾಯಾಮದ ಬಗ್ಗೆ ಬರೆಯಬೇಕಿತ್ತು. ಅದನ್ನು ಮುಂದಿನ ಸರದಿಗೆ ಇಟ್ಟುಕೊಂಡು, ಈ ವಾರವಿಡೀ ನನ್ನನ್ನು ಕಾಡುತ್ತಿರುವುದನ್ನೇ ಬರೆಯುತ್ತೇನೆ. ಹಬ್ಬದ ದಿನಗಳಲ್ಲಿ ಮನಸ್ಸಿಗೆ ಕವಿಯುವ ಮಂಕು, ಅದರಲ್ಲೂ ನಾಯಿ ಸಾಕಿದವರಿಗೆ, ನಾಯಿ ಕಳೆದುಕೊಂಡವರಿಗೆ ಕವಿಯುವ ಮಂಕು. ಇದೇನು ಸಣ್ಣ ವಿಷಯ ಅನ್ನಿಸಿದವರು ದಯವಿಟ್ಟು ಅರ್ಧ ಓದಿ ಆಮೇಲೆ ತೀರ್ಮಾನ ಮಾಡಿ.

ನಮ್ಮ ಮನೆಯಲ್ಲಿ ಕೆಂಚ ಇದ್ದ. 'ಇತ್ತು' ಅನ್ನಬೇಕು, ವ್ಯಾಕರಣದ ಪ್ರಕಾರ ಪ್ರಾಣಿಗಳು ನಪುಂಸಕಲಿಂಗ. 'ನಾಯಿ ಬಂದನು' ಎಂದು ಬರೆದ ಮಕ್ಕಳಿಗೆ ನಾನೇ ಎಷ್ಟು ಸಲ ಕೆಂಪು ಗೆರೆ ಎಳೆದಿದ್ದೇನೋ. ಮನೆಗೆ ಬಂದರೆ ಮಾತ್ರ ಕೆಂಚ ಬಂದ, ಕೆಂಚ ಉಂಡ, ಕೆಂಚ ಮಲಗಿದ. ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ ಸಿಕ್ಕಿದ ಬೀದಿ ಮರಿ. ನನ್ನ ಮಗ ಆಗ ಮೂರನೇ ಕ್ಲಾಸು. ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದ. ಒಂಬತ್ತು ವರ್ಷ ನಮ್ಮ ಜೊತೆ ಇದ್ದ. ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಹೊರಟರೆ ಅರ್ಧ ದಾರಿ ಬಂದು, ಹಾಲಿನ ಡೈರಿಯ ಹತ್ತಿರ ನಿಂತು, ನಾನು ತಿರುವು ದಾಟುವವರೆಗೆ ನೋಡಿ ವಾಪಸು ಹೋಗುತ್ತಿದ್ದ.

ಕಳೆದ ದೀಪಾವಳಿಯ ಅಮಾವಾಸ್ಯೆ ರಾತ್ರಿ. ನಾವು ದೀಕ್ಷೆ ತೆಗೆದುಕೊಂಡು ಏಳು ವರ್ಷವಾಯಿತು, ಮನೆಯಲ್ಲಿ ಹಬ್ಬವಿಲ್ಲ. ಪಕ್ಕದ ಮನೆಯವರು ಪ್ರತಿ ವರ್ಷ ಕಜ್ಜಾಯದ ತಟ್ಟೆ ಕೊಡುತ್ತಾರೆ, ನಾವು ಬುದ್ಧಪೂರ್ಣಿಮೆಗೆ ಅವರಿಗೆ ಪಾಯಸ ಕೊಡುತ್ತೇವೆ. ಆ ತಟ್ಟೆ ತೆಗೆದುಕೊಳ್ಳಲು ನಾನು ಗೇಟು ತೆರೆದೆ. ಅದೇ ಹೊತ್ತಿಗೆ ಬೀದಿಯಲ್ಲಿ ಸರಪಟಾಕಿ ಹಚ್ಚಿದರು. ಮಂಚದ ಕೆಳಗೆ ನಡುಗುತ್ತಾ ಮಲಗಿದ್ದ ಕೆಂಚ ನನ್ನ ಕಾಲಿನ ಸಂದಿಯಿಂದಲೇ ನುಗ್ಗಿ ಓಡಿದ. ತಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಷ್ಟೇ. ಆಮೇಲೆ ಅವನನ್ನು ನಾವು ನೋಡಲಿಲ್ಲ.

ಸತ್ತರೆ ಒಂದು ರೀತಿ. ಕಾಣೆಯಾದರೆ ಇನ್ನೊಂದು ರೀತಿ. ರಾತ್ರಿ ಗೇಟಿನ ಸದ್ದಾದರೆ ಎದ್ದು ಕೂರುವುದು ಎಂಟು ಹತ್ತು ತಿಂಗಳು ನಡೆಯಿತು. ಈ ವರ್ಷ ದಸರಾ ರಜೆ ಶುರುವಾದ ದಿನದಿಂದಲೇ ನನ್ನ ಮನಸ್ಸು ಕುಸಿಯತೊಡಗಿತು. ಶಾಲೆ ಇದ್ದರೆ ಮಕ್ಕಳ ಗಲಾಟೆಯಲ್ಲಿ ದಿನ ಹೋಗುತ್ತದೆ. ರಜೆಯ ಮಧ್ಯಾಹ್ನಗಳು ಹೋಗುವುದಿಲ್ಲ.

ಇದರ ಜೊತೆ ಇನ್ನೊಂದು ಮಾತನ್ನೂ ನಮ್ಮ ನಮ್ಮಲ್ಲೇ ಒಪ್ಪಿಕೊಳ್ಳೋಣ. ಹಬ್ಬ ಬಿಟ್ಟಿದ್ದೇವೆ, ಆದರೆ ಹಬ್ಬದ ದಿನ ಬಂದಾಗ ಮೈ ಅದನ್ನು ಮರೆತಿರುವುದಿಲ್ಲ. ಮೂವತ್ತು ಮೂವತ್ತೈದು ವರ್ಷ ನೀರು ತುಂಬುವ ಹಬ್ಬ, ಎಣ್ಣೆ ನೀರು, ಅವ್ವ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ, ಹೊಸ ಬಟ್ಟೆಯ ಗಂಜಿಯ ವಾಸನೆ. ನಮಗೂ ದಿನಗಳಿವೆ. ಏಪ್ರಿಲ್ 14, ಬುದ್ಧಪೂರ್ಣಿಮೆ, ಅಕ್ಟೋಬರ್ 14, ಡಿಸೆಂಬರ್ 6. ಅವು ಸಭೆಯ ದಿನಗಳು, ಮೆರವಣಿಗೆಯ, ಮೌನದ ದಿನಗಳು. ಅಡುಗೆಮನೆಯ ವಾಸನೆಯಾಗಿ ಅವು ನಮ್ಮ ಮೈಗೆ ಇಳಿಯಲು ಇನ್ನೂ ಒಂದು ತಲೆಮಾರು ಬೇಕಾಗಬಹುದು. ಬೀದಿಯೆಲ್ಲಾ ದೀಪ ಹಚ್ಚಿ ನಮ್ಮ ಮನೆ ಮಾತ್ರ ಸುಮ್ಮನಿದ್ದಾಗ ಎದೆ ಭಾರವಾದರೆ ಅದು ಶ್ರದ್ಧೆ ಸಡಿಲವಾದದ್ದಲ್ಲ. ನಾನು ಹಾಗೆಂದುಕೊಂಡು ಎರಡು ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಅಂಥ ಸಂಜೆಗಳಲ್ಲಿ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗುತ್ತಿದ್ದವನು ಕೆಂಚ. ಅವನಿಗೂ ಹಬ್ಬ ಬೇಕಿರಲಿಲ್ಲ, ಅವನು ನಮ್ಮ ಪಕ್ಷ. ಅವನೂ ಹೋದ ಮೇಲೆ ಮನೆ ಎರಡು ಪಟ್ಟು ಖಾಲಿಯಾಯಿತು.

ಒಂದು ಭಾನುವಾರ ತರಗತಿಯಲ್ಲಿ ಇದನ್ನು ಹೇಳಿಕೊಂಡು ಕಣ್ಣೀರು ಹಾಕಿದೆ. ನಮ್ಮ ಹಿರಿಯ ಉಪಾಸಕರೊಬ್ಬರು, ನನಗೆ ತಂದೆ ಸಮಾನರು, "ಮೇಡಂ, ನಮ್ಮ ಜನ ನಾಯಿಗಿಂತ ಕಡೆಯಾಗಿ ಬದುಕಿದವರು. ನೀವು ನಾಯಿಗೋಸ್ಕರ ಅಳ್ತಿದ್ದೀರಾ?" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ನನ್ನ ಅಪ್ಪ ಗೇಯುತ್ತಿದ್ದ ಗೌಡರ ಮನೆಯ ಜಗಲಿಯ ಮೇಲೆ ನಾಯಿ ಮಲಗಿರುತ್ತಿತ್ತು, ಅಪ್ಪ ಅಂಗಳದಲ್ಲಿ ನಿಂತಿರುತ್ತಿದ್ದ. ನಾನು ಅದನ್ನು ಕಣ್ಣಾರೆ ಕಂಡವಳು. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರನ್ನೂ ಶ್ವಪಚರನ್ನೂ ಊರ ಹೊರಗಿಟ್ಟು, ನಾಯಿ ಕತ್ತೆಗಳೇ ಅವರ ಆಸ್ತಿ ಅನ್ನುತ್ತದೆ. 'ಶ್ವಪಚ' ಎಂಬ ಆ ಪದವನ್ನು ಎಂ.ಎ. ತರಗತಿಯಲ್ಲಿ ವಚನಗಳನ್ನು ಓದುವಾಗ ಮೊದಲು ಕಂಡೆ. ನಾಯಿಯನ್ನು ಬೇಯಿಸಿ ತಿನ್ನುವವನು ಎಂದು ಅರ್ಥ ಹೇಳಿದಾಗ ತಲೆ ತಗ್ಗಿಸಿ ಕೂತಿದ್ದು ನೆನಪಿದೆ. ಬಾಬಾಸಾಹೇಬರು ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ನಮಗೆಲ್ಲ ಗೊತ್ತು. 1931ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು ಮುಂಬೈಯಲ್ಲಿ ಮೊದಲ ಸಲ ಭೇಟಿಯಾದಾಗ, ನಾಯಿ ಬೆಕ್ಕುಗಳಿಗಿಂತ ಕೀಳಾಗಿ ಕಾಣುವ ನೆಲವನ್ನು ನನ್ನದೆಂದು ಹೇಗೆ ಕರೆಯಲಿ ಎಂಬ ಅರ್ಥದಲ್ಲಿ ಅವರು ಕೇಳಿದ್ದೂ ಗೊತ್ತು.

ಆದರೆ ಅದೇ ಬಾಬಾಸಾಹೇಬರ ಒಂದು ಫೋಟೋ ಇದೆ. 1934ರದ್ದು, ದಾದರಿನ ರಾಜಗೃಹದಲ್ಲಿ ತೆಗೆದದ್ದು. ಮಗ ಯಶವಂತ, ಮಾತೆ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ ಜೊತೆಯಲ್ಲಿದ್ದಾರೆ. ನಮ್ಮಲ್ಲಿ ಅನೇಕರ ಮನೆಯ ಗೋಡೆಯಲ್ಲೂ ಇರುವ ಫೋಟೋ. ಮತ್ತೊಮ್ಮೆ ನೋಡಿ, ಅದರಲ್ಲಿ ಒಂದು ನಾಯಿಯೂ ಇದೆ. ಅದರ ಹೆಸರು ಟಾಬಿ. ಮನೆಯವರೆಲ್ಲ ತೆಗೆಸಿಕೊಂಡ ಚಿತ್ರದಲ್ಲಿ ಅದಕ್ಕೂ ಜಾಗವಿದೆ. ನಾಯಿಗಿಂತ ಕೀಳಾಗಿ ಕಂಡರು ಎಂದು ಲೋಕದೆದುರು ಹೇಳಿದ ಮನುಷ್ಯ ಆ ಸಿಟ್ಟನ್ನು ನಾಯಿಯ ಮೇಲೆ ತೀರಿಸಿಕೊಳ್ಳಲಿಲ್ಲ. ಗೌಡರ ಜಗಲಿಯ ನಾಯಿ ನನ್ನ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿರಲಿಲ್ಲವಲ್ಲ.

ಜಾತಕ ಕಥೆಗಳಲ್ಲಿ 22ನೆಯದು ಕುಕ್ಕುರ ಜಾತಕ. ಕುಕ್ಕುರ ಅಂದರೆ ನಾಯಿ. ವಾರಾಣಸಿಯ ರಾಜನ ರಥದ ಚರ್ಮದ ಪಟ್ಟಿಗಳನ್ನು ಬಿಚ್ಚದೆ ರಾತ್ರಿ ಅಂಗಳದಲ್ಲಿ ಬಿಟ್ಟಿರುತ್ತಾರೆ. ಮಳೆಗೆ ನೆನೆದ ಚರ್ಮವನ್ನು ಅರಮನೆಯ ನಾಯಿಗಳೇ ತಿಂದುಬಿಡುತ್ತವೆ. ಸೇವಕರು ಮಾತ್ರ ಬಚ್ಚಲ ಕಂಡಿಯಿಂದ ಹೊರಗಿನ ನಾಯಿಗಳು ನುಗ್ಗಿದವು ಎಂದು ರಾಜನಿಗೆ ವರದಿ ಕೊಡುತ್ತಾರೆ. ಕಂಡಲ್ಲಿ ನಾಯಿಗಳನ್ನು ಕೊಲ್ಲಿ ಎಂದು ಅಪ್ಪಣೆಯಾಗುತ್ತದೆ. ಅರಮನೆಯ ನಾಯಿಗಳಿಗೆ ವಿನಾಯಿತಿ! ಸ್ಮಶಾನದಲ್ಲಿದ್ದ ನಾಯಿಗಳ ಮುಖಂಡನಾಗಿ ಹುಟ್ಟಿದ್ದ ಬೋಧಿಸತ್ವ ಒಬ್ಬನೇ ದರ್ಬಾರಿಗೆ ಹೋಗಿ, ತಪ್ಪು ಮಾಡಿದವರು ಯಾರೆಂದು ತನಿಖೆ ಮಾಡಿದೆಯಾ ಎಂದು ರಾಜನನ್ನೇ ಕೇಳುತ್ತಾನೆ. ಮಜ್ಜಿಗೆಯಲ್ಲಿ ದರ್ಭೆ ಅರೆದು ಅರಮನೆಯ ನಾಯಿಗಳಿಗೆ ಕುಡಿಸಲು ಹೇಳುತ್ತಾನೆ. ಅವು ಚರ್ಮದ ಚೂರುಗಳನ್ನು ಕಕ್ಕುತ್ತವೆ. ಒಳಗಿನವರು ಮಾಡಿದ್ದಕ್ಕೆ ಹೊರಗಿನವರಿಗೆ ಶಿಕ್ಷೆ. ಊರ ಹೊರಗೆ ಹುಟ್ಟಿದ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಸತ್ಯ ಗೊತ್ತಾದ ಮೇಲೂ ಬೋಧಿಸತ್ವ ಅರಮನೆಯ ನಾಯಿಗಳನ್ನು ಕೊಲ್ಲಿಸಲಿಲ್ಲ, ಎಲ್ಲ ಜೀವಿಗಳಿಗೂ ಅಭಯ ಕೇಳಿದ. ಹಿರಿಯರಿಗೆ ಆ ಭಾನುವಾರ ನಾನು ಉತ್ತರ ಹೇಳಲಿಲ್ಲ. ತಡವಾಗಿ, ಗೌರವದಿಂದ, ಇದೇ ನನ್ನ ಉತ್ತರ. ನಮ್ಮ 22 ಪ್ರತಿಜ್ಞೆಗಳಲ್ಲಿ 13ನೆಯದು ಕೂಡ ಎಲ್ಲ ಜೀವಿಗಳ ಮೇಲೆ ದಯೆ ಎಂದೇ ಹೇಳುತ್ತದೆ, ಎರಡು ಕಾಲಿನವು ಮಾತ್ರ ಎಂದು ಹೇಳುವುದಿಲ್ಲ.

ಇನ್ನು ಮಂಕಿನ ವಿಷಯ.

ಸಂಯುತ್ತ ನಿಕಾಯದಲ್ಲಿ ಸಲ್ಲ ಸುತ್ತ ಇದೆ. ಸಲ್ಲ ಅಂದರೆ ಬಾಣ, ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಬರುವ 'ಶಲ್ಯ'ವೇ. ಮೈಗೆ ಒಂದು ಬಾಣ ನೆಟ್ಟಾಗ, ತಿಳಿವಿಲ್ಲದವನು ಗೋಳಾಡಿ ಮನಸ್ಸಿಗೆ ಎರಡನೆಯ ಬಾಣವನ್ನೂ ತಗುಲಿಸಿಕೊಳ್ಳುತ್ತಾನೆ ಎಂದು ಭಗವಾನ್ ಬುದ್ಧರು ಹೇಳುತ್ತಾರೆ. ಮೊದಲನೆಯದು ಯಾರಿಗೂ ತಪ್ಪಿದ್ದಲ್ಲ. ನನ್ನ ಮೊದಲ ಬಾಣ ಕೆಂಚ ಹೋದದ್ದು. ಎರಡನೆಯದನ್ನು ಹುಡುಕಿದರೆ ಒಂದಲ್ಲ, ಬತ್ತಳಿಕೆಯೇ ಇತ್ತು. ಗೇಟು ನಾನೇ ತೆರೆದೆ ಎಂಬುದು ಒಂದು. ನಾಯಿಗಾಗಿ ಅಳುವುದು ನಾಚಿಕೆಗೇಡು ಎಂಬುದು ಇನ್ನೊಂದು. ಊರೆಲ್ಲ ನಗುವಾಗ ನಾನೊಬ್ಬಳೇ ಹೀಗೆ ಎಂಬುದು ಮತ್ತೊಂದು. ಒಂದು ನೋಟ್ ಪುಸ್ತಕದಲ್ಲಿ ಎರಡು ಕಾಲಂ ಹಾಕಿ ಬರೆದುಕೊಂಡೆ, ಟೀಚರ್ ಬುದ್ಧಿ. ಎಡಗಡೆ ಒಂದೇ ಸಾಲು ಬಂತು. ಬಲಗಡೆ ಪುಟ ತುಂಬಿತು. ಎಡಗಡೆಯ ಸಾಲಿಗೆ ನಾನು ಮಾಡುವುದೇನೂ ಇರಲಿಲ್ಲ, ಅಳುವುದು ಬಿಟ್ಟು. ಬಲಗಡೆಯದನ್ನು ಒಂದೊಂದಾಗಿ ಓದಿ, ಇದು ನಿಜವೇ ಎಂದು ಕೇಳಿಕೊಳ್ಳಬಹುದಿತ್ತು.

'ನಾನೊಬ್ಬಳೇ' ಎಂಬುದು ನಿಜವಲ್ಲವೆಂದು ನನಗೆ ಮೊದಲೇ ಗೊತ್ತಾಗಬೇಕಿತ್ತು. ಕೆಂಚ ಹೋದ ರಾತ್ರಿಯಿಂದ ಮೂರು ದಿನ ಮಗನೂ ನಾನೂ ಮನೆ ಮನೆಗೆ ಹೋಗಿ ಹುಡುಕಿದ್ದೆವು. ನಿವೃತ್ತ ಲೈನ್‌ಮ್ಯಾನ್ ಒಬ್ಬರು, "ನಮ್ದೂ ಹಿಂದಿನ ವರ್ಷ ಹಿಂಗೇ ಹೋಯ್ತು ಮೇಡಂ, ಸರ ಇನ್ನೂ ಮೊಳೆಗೆ ನೇತಾಕಿದ್ದೀವಿ" ಎಂದು ತೋರಿಸಿದರು. ಬೇಕರಿಯ ಸಾಬರು ಗಿರಾಕಿಗಳನ್ನು ನಿಲ್ಲಿಸಿ, ಸತ್ತುಹೋದ ತಮ್ಮ ಬೆಕ್ಕಿನ ಫೋಟೋ ಮೊಬೈಲಿನಲ್ಲಿ ಹುಡುಕಿ ತೋರಿಸಿದರು. ಕೊನೆಯ ಬೀದಿಯ ಅಜ್ಜಿಯೊಬ್ಬರು ನಮ್ಮನ್ನು ಕೂರಿಸಿ, ಹನ್ನೊಂದು ವರ್ಷದ ಹಿಂದೆ ಬೆಂಗಳೂರಿಗೆ ಹೋಗಿ ತಿರುಗಿ ಬಾರದ ಮಗನ ಕಥೆ ಹೇಳಿ, ಕೊನೆಗೆ "ನಿನ್ ನಾಯಿ ಹೆಸರೇನವ್ವ? ಕಂಡ್ರೆ ಕರೀತೀನಿ" ಎಂದರು. ನಾನು ಆಗ ಅವಸರದಲ್ಲಿದ್ದೆ. ಅಜ್ಜಿಯ ಮಾತು ಪೂರ್ತಿ ಕೇಳಲಿಲ್ಲ.

ಕಿಸಾ ಗೋತಮಿಯ ಕಥೆಯನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಸಾವಿಲ್ಲದ ಮನೆಯ ಸಾಸಿವೆ. ಕೊನೆಗೆ 'ಈ ಕಥೆಯ ನೀತಿಯೇನು?' ಎಂದು ಕೇಳಿ, 'ಹುಟ್ಟಿದವರೆಲ್ಲ ಸಾಯುತ್ತಾರೆ' ಎಂದು ಬರೆಸಿ ಮುಗಿಸುತ್ತಿದ್ದೆ. ನಮ್ಮ ಬಳಗದಲ್ಲೂ ಯಾರಿಗಾದರೂ ದುಃಖವಾದರೆ ತಕ್ಷಣ ಯಾರಾದರೂ ಆ ಕಥೆಯನ್ನು ಫಾರ್ವರ್ಡ್ ಮಾಡುತ್ತಾರೆ. ನನಗೂ ನಾಲ್ಕು ಬಂದವು! ಆದರೆ ಬುದ್ಧರು ಆ ತಾಯಿಗೆ ನೀತಿವಾಕ್ಯ ಹೇಳಿ ಕಳಿಸಲಿಲ್ಲವಲ್ಲ. ಹೇಳಬಹುದಿತ್ತು, ಒಂದು ಸಾಲಿನ ಕೆಲಸ. ಅವರು ಅವಳನ್ನು ಮನೆ ಮನೆಗೆ ನಡೆಸಿದರು. ಪ್ರತಿ ಬಾಗಿಲಲ್ಲೂ ಒಬ್ಬರು ಹೊರಗೆ ಬಂದು, ನಮ್ಮಲ್ಲೂ ಹೋದರು ಎಂದು ಅವಳೊಂದಿಗೆ ಮಾತಾಡಿದರು. ಆ ನಡಿಗೆಯೇ ಔಷಧ ಎಂದು ನನಗೆ ಈಗ ಅನ್ನಿಸುತ್ತದೆ. ನಾನು ಅದೇ ನಡಿಗೆ ನಡೆದಿದ್ದೆ, ಆಮೇಲೆ ಬಂದು ಬಾಗಿಲು ಹಾಕಿಕೊಂಡೆ. ಈ ದಸರಾ ರಜೆಯಲ್ಲಿ ಕೊನೆಯ ಬೀದಿಯ ಅಜ್ಜಿಯ ಮನೆಗೆ ಮತ್ತೆ ಹೋದೆ. ಕಥೆಯ ಉಳಿದ ಅರ್ಧ ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು.

ಮೆತ್ತಾ ಭಾವನೆಯ ಬಗ್ಗೆಯೂ ಒಂದು ಮಾತು. ತಿಂಗಳುಗಟ್ಟಲೆ ಬೆಳಿಗ್ಗೆ ಕೂತಾಗ ನಾನು ಕೆಂಚನನ್ನು ನೆನೆದು ಮೈತ್ರಿ ಹರಸುತ್ತಿದ್ದೆ. ಎರಡನೇ ನಿಮಿಷಕ್ಕೆ ಅಳು ಬಂದು ಎದ್ದುಬಿಡುತ್ತಿದ್ದೆ. ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಸತ್ತವರನ್ನು ಮೆತ್ತಾ ಭಾವನೆಗೆ ಆಲಂಬನ ಮಾಡಿಕೊಳ್ಳಬಾರದು ಎನ್ನುತ್ತಾರೆ. ಒಬ್ಬ ತರುಣ ಭಿಕ್ಷು ತನ್ನ ಆಚಾರ್ಯರನ್ನು ನೆನೆದು ಎಷ್ಟು ಕೂತರೂ ಮನಸ್ಸು ನೆಲೆಗೊಳ್ಳಲಿಲ್ಲ, ವಿಚಾರಿಸಿದರೆ ಆ ಆಚಾರ್ಯರು ತೀರಿಕೊಂಡಿದ್ದರು ಎಂಬ ಪ್ರಸಂಗವನ್ನೂ ಕೊಡುತ್ತಾರೆ. ಇದು ಮೊದಲು ನನಗೆ ಕಠೋರವಾಗಿ ಕಂಡಿತು. ನನ್ನ ತೊಂದರೆ ಬೇರೆ, ಕೆಂಚ ಸತ್ತವನೋ ಬದುಕಿದವನೋ ನನಗೇ ಗೊತ್ತಿಲ್ಲ. ಅದನ್ನು ತೀರ್ಮಾನಿಸಿದವಳು ನನ್ನ ಅವ್ವ.

ಅವ್ವ ಊರಲ್ಲಿದ್ದಾಳೆ. ದೀಕ್ಷೆ ತೆಗೆದುಕೊಂಡಿಲ್ಲ. ಆರನೆಯ ಪ್ರತಿಜ್ಞೆಯ ಪ್ರಕಾರ ಶ್ರಾದ್ಧ, ಪಿಂಡ ನಮಗಿಲ್ಲ. ಅದಕ್ಕೆ ಹಿರಿಯರ ಹಬ್ಬಕ್ಕಾಗಲಿ ದೀಪಾವಳಿಗಾಗಲಿ ನಾನು ಹೋಗುವುದನ್ನು ನಿಲ್ಲಿಸಿದ್ದೆ. ನಾಯಿಯನ್ನು ಬಿಟ್ಟು ಬರೋಕಾಗಲ್ಲ ಅಂತ ಅವ್ವನಿಗೆ ಹೇಳುತ್ತಿದ್ದೆ. ಕೆಂಚ ನನಗೆ ಒಳ್ಳೆಯ ನೆಪವೂ ಆಗಿದ್ದ ಅನ್ನುವುದನ್ನು ಇವತ್ತು ಬರೆಯುತ್ತಿದ್ದೇನೆ. ಅವನು ಹೋದ ಮೇಲೆ ಅವ್ವ ಪ್ರತಿ ಫೋನಿನಲ್ಲೂ "ನಾಯಿ ಬಂತಾ?" ಎನ್ನುತ್ತಿದ್ದಳು. ಕುಟುಕುತ್ತಿದ್ದಾಳೆ ಎಂದುಕೊಂಡು ನಾನು ಫೋನು ಕಡಿಮೆ ಮಾಡಿದೆ.

ಈ ವರ್ಷ ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ, ಅವಳ ಮಂಡಿನೋವು ಹೆಚ್ಚಾಗಿದೆ ಎಂದು ತಮ್ಮ ಹೇಳಿದ್ದಕ್ಕೆ ಹೋದೆ. ಒಳಕೋಣೆಯಲ್ಲಿ ಒಂದು ಮಕ್ಕರಿ ಬೋರಲು ಹಾಕಿತ್ತು. ಎತ್ತಿ ತೋರಿಸಿದಳು. ಒಂದು ಮುತ್ತುಗದ ಎಲೆ, ಅದರ ಮೇಲೆ ಅರ್ಧ ಮುದ್ದೆ, ಎರಡು ಮೂಳೆ, ನಾಲ್ಕು ಪಾರ್ಲೆ-ಜಿ ಬಿಸ್ಕತ್ತು.

"ನಿಮ್ಮಪ್ಪಂಗೆ ಎಡೆ ಇಟ್ಟೆ. ನಿನ್ ನಾಯಿಗೂ ಒಂದೆಲೆ ಹಾಕ್ದೆ ಕಣ್ಮಗ. ಒಂಬತ್ ವರ್ಸ ನಿನ್ ಬಾಗ್ಲು ಕಾದದೆ, ಅದು ಬದುಕಿದ್ರೆ ಬರ್ದೆ ಇರ್ತಿತ್ತಾ? ನೀನು ಬತ್ತೀಯ ಅಂತ ಹಂಗೇ ಮಡಗಿವ್ನಿ. ನಿಮ್ ಬುದ್ದಪ್ಪ ಬೈಯದಾದ್ರೆ ನಂಗೇ ಬೈಲಿ ಬುಡು."

ಬದುಕಿದ್ದರೆ ಬಾರದೆ ಇರುತ್ತಿತ್ತಾ. ಹನ್ನೊಂದು ತಿಂಗಳು ಯಾರೂ ನನಗೆ ಅದನ್ನು ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಕೋಣೆಯ ಹೊಸಿಲ ಮೇಲೆ ಕೂತು ಅತ್ತೆ. ಅವ್ವ ಸುಮ್ಮನೆ ಪಕ್ಕದಲ್ಲಿ ಕೂತಳು, ಮಂಡಿ ಮಡಚಲಾಗದೆ ಕಾಲು ಚಾಚಿಕೊಂಡು.

ನಾನು ಎಲೆಗೆ ಕೈ ಮುಗಿಯಲಿಲ್ಲ. ಅದನ್ನು ಎತ್ತಿಕೊಂಡು ಹಿತ್ತಲ ಬೇಲಿಯ ಹತ್ತಿರ ಹೋಗಿ ಅಲ್ಲಿದ್ದ ಬೀದಿನಾಯಿಗಳಿಗೆ ಹಾಕಿದೆ. ಅವ್ವನೂ ಕೋಲೂರಿಕೊಂಡು ಬಂದಳು. ನಾನು ಮಾಡಿದ್ದು ಆರನೆಯ ಪ್ರತಿಜ್ಞೆಗೆ ಹೊಂದುತ್ತದೋ ಇಲ್ಲವೋ ನಿಮ್ಮಲ್ಲಿ ಕೆಲವರಿಗೆ ಪ್ರಶ್ನೆ ಬರಬಹುದು. ಭಾನುವಾರ ಕೇಳಿ, ಚರ್ಚೆ ಮಾಡೋಣ. ನನ್ನ ಮಟ್ಟಿಗೆ, ಅವ್ವ ಇಟ್ಟದ್ದು ಎಡೆ, ನಾನು ಕೊಟ್ಟದ್ದು ದಾನ. ಅದು ಸೇರಿದ್ದು ಹಸಿದ ಹೊಟ್ಟೆಗೆ. ನಾಲ್ಕು ವರ್ಷದ ಹಿಂದೆ ಮಕ್ಕಳ ಪ್ರವಾಸಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದಾಗ ಅಶೋಕನ ಶಾಸನದ ಸಾರವನ್ನು ಬರೆಸಿದ್ದೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು. ಇವೆಲ್ಲ ಒಂದೇ ಬಂಡೆಯ ಮೇಲಿವೆ. ನಾನು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದರಿಂದ ತಪ್ಪಿಸಿಕೊಂಡಿದ್ದೆ. ಅದೇ ಅಶೋಕ ತನ್ನ ಮೊದಲ ಬಂಡೆಗಲ್ಲು ಶಾಸನದಲ್ಲಿ, ಪ್ರಾಣಿಗಳನ್ನು ಬಲಿಕೊಡುವುದು ಬೇಡ, ಸಮಾಜಗಳೂ ಬೇಡ ಎನ್ನುತ್ತಾನೆ. ಸಮಾಜ ಅಂದರೆ ಅಲ್ಲಿ ಜಾತ್ರೆಯಂಥ ಕೂಟ. ಹಾಗೆಂದವನೇ ಮುಂದೆ, ಒಳ್ಳೆಯವೆಂದು ತನಗೆ ಕಾಣುವ ಕೆಲವು ಸಮಾಜಗಳೂ ಇವೆ ಎನ್ನುತ್ತಾನೆ. ಆ ಸಾಲಿನ ಮೇಲೆ ನಾನು ಈಗ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಆವತ್ತಿನಿಂದ ಬೆಳಿಗ್ಗೆ ಮೆತ್ತಾ ಕೂತರೆ ಕೆಂಚನನ್ನು ಕರೆಯುವುದಿಲ್ಲ. ಡೈರಿಯ ಹತ್ತಿರ ಮಲಗುವ ಕುಂಟ ನಾಯಿಯನ್ನು ನೆನೆಯುತ್ತೇನೆ. ಅದು ಬದುಕಿದೆ, ಅದಕ್ಕೆ ನನ್ನಿಂದ ಏನಾದರೂ ಆಗುವುದಿದೆ. ಮನಸ್ಸು ಹತ್ತು ನಿಮಿಷ ನಿಲ್ಲುತ್ತದೆ.

ಈ ನಾಲ್ಕು ದಿನಕ್ಕೆ ಬೇಕಾದ ಕೆಲವು ಮಾತು. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ, ನಮಗೆ ಕೇಳದ ಎಷ್ಟೋ ಸಣ್ಣ ಸದ್ದೂ ಅದಕ್ಕೆ ಕೇಳುತ್ತದೆ. ಪಟಾಕಿಗೆ ಅದು ಹೆದರುವುದು ಹಟವಲ್ಲ. ಬೆಳಕಿರುವಾಗಲೇ ಓಡಾಡಿಸಿ ತನ್ನಿ. ಕತ್ತಲಾಗುವ ಮೊದಲು ಊಟ ಹಾಕಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ರೇಡಿಯೋನೋ ಫ್ಯಾನೋ ಹಾಕಿಡಿ. ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿ, ಬೈಯಬೇಡಿ, ನೀವೇ ಪಕ್ಕದಲ್ಲಿ ಕೂರಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆಯಿರಿ, ನಾನು ಬರೆದಿರಲಿಲ್ಲ. ತೀರಾ ಹೆದರುವ ನಾಯಿಯಾದರೆ ಇವತ್ತೇ ಪಶುವೈದ್ಯರನ್ನು ಕೇಳಿ. ನಿಮ್ಮ ಮನೆಯ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ, ಪ್ಯಾರಾಸಿಟಮಾಲ್ ಕೂಡ ಅವಕ್ಕೆ ವಿಷವಾಗಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಎಂದು ಹೊತ್ತು ಗೊತ್ತು ಮಾಡಿತು. ಅದರ ಆಚೆ ಈಚೆ ಹೊಡೆಯುವ ಹುಡುಗರಿಗೆ ಜಗಳವಾಡದೆ ಹೇಳಿ, ನಮ್ಮ ಬೀದಿಯಲ್ಲಿ ಅರ್ಧ ಜನ ಕೇಳಿದರು. ಮತ್ತೆ ಗೇಟು. ಯಾರೇ ತಟ್ಟೆ ತಂದರೂ ಮೊದಲು ಒಳಬಾಗಿಲು ಹಾಕಿ ಆಮೇಲೆ ಗೇಟು ತೆರೆಯಿರಿ.

ನಿಮ್ಮಲ್ಲಿ ಯಾರಿಗಾದರೂ ಈ ಮಂಕು ಎರಡು ವಾರ ದಾಟಿ, ನಿದ್ದೆ ಊಟ ಕೆಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಈ ಚಿಂತನೆ ಸಾಲದು. ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಥವಾ ನನಗೆ ಫೋನ್ ಮಾಡಿ, ನಂಬರು ನಿಮ್ಮೆಲ್ಲರ ಹತ್ತಿರ ಇದೆ. ನಾಯಿ ವಿಷಯವಾದರೂ ಸರಿ.

ಈ ಸಲ ನಾವು ಮೂರೂ ಜನ ಊರಿಗೆ ಹೋಗುತ್ತಿದ್ದೇವೆ. ಪೂಜೆಗಲ್ಲ, ಅವ್ವನಿಗೆ ಅದನ್ನು ಹೇಳಿದ್ದೇನೆ. ಹಿತ್ತಲ ಬೇಲಿಯ ನಾಯಿಗಳಲ್ಲಿ ಒಂದು ಕರಿಯ ಹೆಣ್ಣು ನಾಯಿ ಹೋದ ವಾರ ಮರಿ ಹಾಕಿದೆಯಂತೆ. ಅವ್ವ ಕೊಟ್ಟಿಗೆಯಲ್ಲಿ ಗೋಣಿಚೀಲ ಹಾಸಿ ಜಾಗ ಮಾಡಿದ್ದಾಳೆ. ಪಟಾಕಿ ಹೊಡೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ನಾನು ಅಲ್ಲೇ ಕೂತಿರುತ್ತೇನೆ ಅಂದೆ. "ಸರಿ ಬಾ, ನಂಗೂ ಒಂದು ಚಾಪೆ ಹಾಕು, ಕಾಲ್ ಚಾಚ್ಕೊಂಡು ಕೂತ್ಕತೀನಿ" ಅಂದಳು.

ಭಾನುವಾರದ ತರಗತಿ ಎಂದಿನಂತೆ ಬೆಳಿಗ್ಗೆ 10ಕ್ಕೆ. ಆ ಫೋಟೋ ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ತನ್ನಿ.

ನಮೋ ಬುದ್ಧಾಯ. ಜೈ ಭೀಮ್.